ಮುಟ್ಟಿ ನೋಡಿ ಎನ್ನುತ್ತಿದ್ದ ಕುಶಾಲಪ್ಪ ಮೇಸ್ತ್ರಿ

ಎಂಜಿನ್ ಬಿಚ್ಚಿದ ಮೇಲೆ ಕುಶಾಲಪ್ಪ ಮೇಸ್ತ್ರಿ ಗಾಡಿ ತಂದವರ ಕೈ ಹಿಡಿದು, ಅವರ ಬೆರಳನ್ನು ಕಬ್ಬಿಣದ ಮೇಲೆ ಇಡಿಸುತ್ತಿದ್ದರು. ಎಸ್ಟೇಟಿನ ದೊರೆಯಾದರೂ ಸರಿ, ಮರದ ಲಾರಿಯ ಡ್ರೈವರಾದರೂ ಸರಿ, ಅಂಗಿಯ ತೋಳು ಮಡಚಿ ಎಣ್ಣೆಗೆ ಬೆರಳು ಹಚ್ಚಲೇಬೇಕು. "ಮುಟ್ಟಿ ನೋಡಿ ಹೇಳಿ. ಉಗುರು ಸಿಕ್ಕಿಬೀಳ್ತದಾ, ಜಾರ್ತದಾ?" ಎಂದು ಕೇಳಿ, ಉತ್ತರ ಬರುವವರೆಗೆ ಅವರ ಮುಖವನ್ನೇ ನೋಡುತ್ತಿದ್ದರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಕೊಡ್ಲಿಪೇಟೆಯಿಂದ ಬಂದು ತಿತಿಮತಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಜೀಪು ಓಡಿಸುವುದು, ಕೆಟ್ಟರೆ ರಿಪೇರಿ ಮಾಡಿಸುವುದು ಕೂಡ ನನ್ನ ಪಾಲಿಗೆ ಬಂದಿತ್ತು. ಮೇಸ್ತ್ರಿ ಗಾಳಿಬೀಡು ಕಡೆಯ ಗೌಡರು. ಮಿಲಿಟರಿಯಲ್ಲಿ ಗಾಡಿ ಕೆಲಸ ಕಲಿತು ಬಂದು ರಸ್ತೆ ಬದಿಗೆ ತಗಡಿನ ಶೆಡ್ಡು ಹಾಕಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ.

ಈ ಬೆರಳಿಡಿಸುವ ಅಭ್ಯಾಸ ಯಾಕೆಂದು ನನಗೆ ತುಂಬ ಕುತೂಹಲ. ಲಾರಿ ಡ್ರೈವರ್ ಮೊಯ್ದುವನ್ನು ಕೇಳಿದರೆ, "ಅದು ಮಿಲಿಟರಿ ಹುಚ್ಚು ರೈಟ್ರೇ, ನಮಗೂ ಪರೇಡ್ ಮಾಡಿಸ್ತಾರೆ" ಎಂದು ನಕ್ಕ. ಮೇಸ್ತ್ರಿಯನ್ನೇ ಕೇಳಿದೆ. "ನಿಮ್ಮ ಜೀಪು. ನಿಮ್ಮ ಬೆರಳೇ ಸಾಕ್ಷಿ ಇರ್ಲಿ" ಎಂದರು. ನಂಬಿದೆ.

ಆ ವರ್ಷ ಜೀಪಿನ ಟೈಮಿಂಗ್ ಚೈನ್ ಸಡಿಲಾಗಿ ಎಂಜಿನ್ನಿನ ಮುಂಭಾಗ ಗಲಗಲ ಎನ್ನುತ್ತಿತ್ತು. ಫ್ಯಾನು, ಬೆಲ್ಟು ತಿರುಗಿಸುವ ಪುಲಿ, ಮುಚ್ಚಳ ಎಲ್ಲ ಬಿಚ್ಚಿ ಅವರು ಹೊಸ ಚೈನು ಕೂರಿಸಿದರು. ಮುಚ್ಚಳದಲ್ಲಿ ಉಂಗುರದ ಹಾಗಿನ ಆಯಿಲ್ ಸೀಲು ಇರುತ್ತದೆ. ತಿರುಗುವ ಪುಲಿಯ ಕೊರಳನ್ನು ಸುತ್ತ ಅಪ್ಪಿ ಎಣ್ಣೆ ಹೊರಗೆ ಬಾರದಂತೆ ತಡೆಯುವುದು ಅದೇ. ಹಳೆಯದು ಸೋರುತ್ತಿರಲಿಲ್ಲ. ಆದರೂ ಕಿತ್ತರು.

"ಇದು ಚೆನ್ನಾಗೇ ಐತಲ್ಲ ಮೇಸ್ತ್ರಿ?"

"ಇವತ್ತು ಚೆನ್ನಾಗಿ ಉಂಟು. ನಾಳೆ ಸೋರುವಾಗ ಪುನಃ ಇಷ್ಟೂ ಬಿಚ್ಚುದು ಯಾರು? ನಿಮ್ಮ ದೊರೆಯಾ?"

ಆಮೇಲೆ ನನ್ನ ಬೆರಳಿನ ಸರದಿ. ಹಳೆಯ ಸೀಲು ಪುಲಿಯ ಕೊರಳನ್ನು ಸವೆಸಿದ ಗೀರಿಗೆ ಉಗುರು ಸಿಕ್ಕಿತು. ಹೇಳಿದೆ. ಹೊಸ ಸೀಲು ಆ ಗೀರಿನ ಮೇಲೆ ಕೂರದ ಹಾಗೆ ಅದನ್ನು ಕೂದಲೆಳೆಯಷ್ಟು ಹೊರಕ್ಕೆ ನಿಲ್ಲಿಸಿ, ಮರದ ತುಂಡಿಟ್ಟು ಮೆಲ್ಲಗೆ ಬಡಿದು ಕೂರಿಸಿದರು.

ಎಲ್ಲ ಜೋಡಿಸಿ ಎಂಜಿನ್ ಚಾಲೂ ಮಾಡಿದೆವು. ಅವರು ಬಾನೆಟ್ಟಿನೊಳಗೆ ಬಗ್ಗಿ, ಎಡಗೈಯನ್ನು ಎಲ್ಲೋ ಊರಿ, ಪುಲಿಯ ಹಿಂದೆ ಎಣ್ಣೆ ಕಾಣುತ್ತದೆಯೇ ಎಂದು ನೋಡುತ್ತಿದ್ದರು. ನನಗೆ ಸುಟ್ಟ ವಾಸನೆ ಬಂತು. ಅದು ಎಣ್ಣೆಯ ವಾಸನೆ ಆಗಿರಲಿಲ್ಲ. ಅವರ ಬೆರಳುಗಳು ಹೊಗೆ ಹೊರಡುವ ಕಾದ ಪೈಪಿನ ಮೇಲಿದ್ದವು.

"ಮೇಸ್ತ್ರಿ! ಸುಡ್ತೈತೆ!" ಎಂದು ಕೂಗಿದೆ.

ಅವರು ಕೈ ನೋಡಲಿಲ್ಲ. ಗಾಬರಿಯಿಂದ ಎಂಜಿನ್ನಿನ ಕೆಳಗೆ ಇಣುಕಿ, "ಎಲ್ಲಿ? ಎಣ್ಣೆ ಎಲ್ಲಿ ಬಿತ್ತು?" ಎಂದರು.

ನಾನೇ ಅವರ ಕೈ ಎಳೆದು ತೆಗೆದೆ. ಮೂರು ಬೆರಳಿನ ಚರ್ಮ ಬೆಳ್ಳಗಾಗಿತ್ತು. ಅವರು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು. ಎಂಜಿನ್ ನಿಲ್ಲಿಸಿ, ಶೆಡ್ಡಿನ ಬಾಗಿಲು ಮುಂದೆ ಮಾಡಿದರು.

"ಬೆರಳಿಗೆ ಎಂಥದ್ದೂ ಗೊತ್ತಾಗುದಿಲ್ಲ. ಸುಮಾರು ಸಮಯ ಆಯ್ತು."

"ಅದಕ್ಕೇ ನಮ್ಮ ಬೆರಳು..."

"ಹೂಂ. ಕುಷ್ಠ ಅಂತ ಒಬ್ಬ ಹೇಳಿದ್ರೆ ಸಾಕು ರೈಟ್ರೇ, ಈ ಶೆಡ್ಡಿಗೆ ಒಂದು ಸೈಕಲ್ಲೂ ಬರುದಿಲ್ಲ. ಊರಲ್ಲಿ ನಿಲ್ಲಿಕ್ಕೂ ಬಿಡುದಿಲ್ಲ."

ಮೈಸೂರಿನಲ್ಲಿ ಈಗ ಅದಕ್ಕೆ ಮಾತ್ರೆ ಕೊಡುತ್ತಾರಂತೆ, ಬೇಗ ಹೋದರೆ ನಿಲ್ಲುತ್ತದಂತೆ ಎಂದೆ. ಅವರು ಬಲಗೈಯಿಂದ ಸ್ಪ್ಯಾನರುಗಳನ್ನು ಪೆಟ್ಟಿಗೆಗೆ ಹಾಕತೊಡಗಿದರು.

"ಬಸ್ಸಲ್ಲಿ ಹೋದ್ರೆ ಯಾಕೆ, ಎಲ್ಲಿಗೆ ಅಂತ ಕೇಳ್ತಾರೆ."

"ಹೊಸ ಸೀಲಿಗೆ ದೂರದ ಟ್ರಯಲ್ ಬೇಡ್ವಾ ಮೇಸ್ತ್ರಿ?"

ಅವರು ಮೊದಲ ಸಲ ನಕ್ಕರು. "ಸುಳ್ಳು ಹೇಳ್ಲಿಕ್ಕೆ ನೀವೂ ಕಲ್ತಿದ್ದೀರಿ, ಮಾರಾಯ್ರೆ."

ಮರುದಿನ ಕೈಗೆ ಬಟ್ಟೆ ಸುತ್ತಿಕೊಂಡು ಜೀಪು ಹತ್ತಿದರು. ಕಾಡು ದಾಟಿ ಹುಣಸೂರು ಬರುವವರೆಗೂ ಎಂಜಿನ್ನಿನ ಸದ್ದಿಗೇ ಕಿವಿ. ಮೈಸೂರಿನ ಆಸ್ಪತ್ರೆಯ ಗೇಟಿನ ಮುಂದೆ ಇಳಿದು, ಮಂಡಿಯೂರಿ ಜೀಪಿನ ಅಡಿ ನೋಡಿದರು. ಒಂದು ಹನಿಯೂ ಇರಲಿಲ್ಲ. ನಾನು ಇಳಿಯಹೊರಟಾಗ ಬಾಗಿಲಿಗೆ ಅಡ್ಡ ನಿಂತರು.

"ನೀವು ಬರ್ಬೇಡಿ. ನಿಮ್ಮನ್ನು ನನ್ನ ಜೊತೆ ನೋಡಿದವರು ನಿಮಗೂ ಹೆಸರಿಡ್ತಾರೆ. ನಿಮ್ಮ ಮನೇಲಿ ಮಕ್ಕಳುಂಟು. ಹೋಗಿ."

ನೇರ ನಡೆದು ಒಳಗೆ ಹೋದರು. ತಿರುಗಿ ನೋಡಲಿಲ್ಲ. ಅದೇ ಕೊನೆ.

ತಿತಿಮತಿಯಲ್ಲಿ ಕೇಳಿದವರಿಗೆಲ್ಲ ಮೇಸ್ತ್ರಿ ಊರಿಗೆ ಹೋದರು ಎಂದೆ. ಮಳೆಗಾಲ ಕಳೆದರೂ ಅವರು ಬರಲಿಲ್ಲ. ಶೆಡ್ಡಿನ ತಗಡನ್ನು ಯಾರೋ ಬಿಚ್ಚಿಕೊಂಡು ಹೋದರು.

ಕೆಲವು ವರ್ಷಗಳ ನಂತರ ಕಾಫಿ ಮೂಟೆ ತುಂಬಲು ಬಂದ ಲಾರಿಯ ಡ್ರೈವರೊಬ್ಬ ನಮ್ಮ ಕಣದಲ್ಲಿ ತಮಾಷೆ ಹೇಳುತ್ತಿದ್ದ. "ಮೈಸೂರಲ್ಲಿ ಒಂದು ಗ್ಯಾರೇಜಿನಾಗೆ ನಿಮ್ಮ ಕೊಡಗಿನ ಕಡೆ ಮಾತು ಆಡೋ ಯಜಮಾನ್ರು ಅವ್ರೆ. ಬಿಸಿ ಎಂಜಿನ್ ಮುಟ್ಟೋಕೆ ಎರಡೂ ಕೈಗೆ ತೊಗಲಿನ ಗ್ಲೌಸು! ಮದುಮಗ ನೋಡಿ!" ಆಳುಗಳೆಲ್ಲ ನಕ್ಕರು.

ಯಾವ ಗ್ಯಾರೇಜು, ಯಾವ ಬೀದಿ ಎಂದು ನಾಲಿಗೆಯ ತುದಿಗೆ ಬಂತು. ಸುತ್ತ ತಿತಿಮತಿಯವರೇ ನಿಂತಿದ್ದರು. ನಾನೂ ಅವರ ಜೊತೆ ನಕ್ಕು, ಮುಂದಿನ ಮೂಟೆ ಹೊರಿಸಲು ಹೇಳಿದೆ.