ನಮ್ಮ ಕಾರಿಗೂ ಒಬ್ಬ ಕಂಡಕ್ಟರ್

ಸ್ನೇಹಿತರೇ, ಇವತ್ತು ಸಾತನೂರು ರಸ್ತೆಯಲ್ಲಿ ಪೊಲೀಸ್‌ನವರು ನನ್ನ ಕಾರು ನಿಲ್ಲಿಸಿ ಲೈಸೆನ್ಸ್ ಕೇಳಿದ್ದು ನನ್ನ ಹೆಂಡತಿಯನ್ನು.

ತಪ್ಪು ಅವರದಲ್ಲ. ನನ್ನ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಇಂಗ್ಲೆಂಡಿನಲ್ಲಿ ಅಮೆರಿಕದವರಿಗೆಂದು ತಯಾರಾದದ್ದು. ಸ್ಟೀರಿಂಗ್ ಎಡಕ್ಕೆ. ಇಂಗ್ಲೆಂಡಿನವರು ತಮಗೆಂದು ಮಾಡಿಕೊಂಡ ಕಾರಿಗೆ ಇಂಜಿನ್ನಿಗೆ ಪೆಟ್ರೋಲ್ ಕೊಡುವ ಕಾರ್ಬುರೇಟರ್ ಎರಡು. ಹೊಗೆ ತಡೆಯುವ ಅಮೆರಿಕದ ಕಾನೂನಿಗಾಗಿ ಇದಕ್ಕೆ ಒಂದೇ, ಎಳೆಯುವ ಶಕ್ತಿಯೂ ಕಡಿಮೆ. ಮುಂದೊಂದು ಗಾಡಿ ಇದ್ದರೆ, ಎಡಗಡೆ ಕೂತವನಿಗೆ ಎದುರಿನಿಂದ ಬರುವುದು ಕಾಣುವುದೂ ಇಲ್ಲ. ಮೂರು ವರ್ಷದಲ್ಲಿ ಒಂದೂ ಓವರ್‌ಟೇಕ್ ಮಾಡಿರಲಿಲ್ಲ. ಬೇಸತ್ತು, ಸ್ಟೀರಿಂಗ್ ಬಲಕ್ಕೆ ಹಾಕಿಸಲು ಕನಕಪುರದ ಮೆಕ್ಯಾನಿಕ್ ಹತ್ತಿರ ಹೊರಟಿದ್ದೆ.

ಮುಂದೆ ಹುಲ್ಲು ತುಂಬಿದ ಟ್ರ್ಯಾಕ್ಟರ್. ನನ್ನ ಹೆಂಡತಿ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್, ಇವತ್ತು ರಜೆ ಅಂತ ಜೊತೆಗೆ ಬಂದಿದ್ದಳು. ಬಲಗಡೆಯಿಂದ ಕತ್ತು ಹೊರಚಾಚಿ ನೋಡಿದಳು.

“ಹೋಲ್ಡಾನ್! ಒಸಿ ತಡೀರಿ, ಬಸ್ ಬತ್ತಾ ಐತೆ.” ಬಸ್ಸು ದಾಟಿತು. “ರೈಟ್, ರೈಟ್! ಒತ್ರಿ!”

ಒತ್ತಿದೆ. ಟ್ರ್ಯಾಕ್ಟರ್ ಹಿಂದಾಯಿತು! ಇಬ್ಬರೂ ಕೂಗಾಡಿ ನಗುತ್ತಿರುವಾಗಲೇ ಪೊಲೀಸ್‌ನವರು ಕೈ ಅಡ್ಡ ಹಾಕಿದರು. ಅಭ್ಯಾಸಬಲದಿಂದ ಬಲಗಡೆಗೇ ಬಂದು, “ಮೇಡಂ, ಲೈಸೆನ್ಸ್” ಅಂದರು.

ಅವಳು ಮುಖ ಗಂಭೀರ ಮಾಡಿಕೊಂಡು ತನ್ನ ಕಂಡಕ್ಟರ್ ಲೈಸೆನ್ಸ್ ಕೊಟ್ಟಳು. ಅವರು ಓದಿ, ಬಗ್ಗಿ ಒಳಗೆ ನೋಡಿದರು. “ಸ್ಟೀರಿಂಗ್ ಎಲ್ಲಮ್ಮಾ?”

“ಅದು ಅವರತ್ರ ಐತೆ ಸಾರ್. ರಸ್ತೆ ನೋಡೋದು ನಾನು.”

ಅವರು ನಕ್ಕು, ನನ್ನ ಲೈಸೆನ್ಸನ್ನೂ ನೋಡಿ ಬಿಟ್ಟರು.

ಮೆಕ್ಯಾನಿಕ್ ಹತ್ತಿರ ಟೀ ಕುಡಿದು, ಸ್ಟೀರಿಂಗ್ ಇದ್ದಲ್ಲೇ ಇರಲಿ ಎಂದು ಹೇಳಿ ಬಂದೆವು. ವಾಪಸ್ ಬರುವಾಗ ಇನ್ನೂ ಎರಡು ಟ್ರ್ಯಾಕ್ಟರ್ ಹಿಂದಾದವು.

ಇಂಗ್ಲೆಂಡಿನವರ ಕಾರನ್ನು ಒಬ್ಬರೇ ಓಡಿಸಬಹುದಂತೆ. ಪಾಪ.