ಜಡ್ಜಮ್ಮನ ಅಪ್ಪ

ನಮ್ಮ ಅಳಿಯಂದಿರು ಹಗಲು ಹೊತ್ತು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿರುತ್ತಾರೆ. ಸಂಜೆ ಬಂದು ಕೈಕಾಲು ತೊಳೆದರೆ ಮುಗಿಯಿತು, ವಿಡಿಯೋ ಗೇಮ್. ಮೀಸೆ ನರೆಯುತ್ತಿರುವ ಗಂಡಸು ಟೀವಿ ಮುಂದೆ ಗುಂಡಿ ಒತ್ತುತ್ತ ಕೂರುವುದು ಮೊದಮೊದಲು ನನಗೆ ಸರಿಕಾಣಲಿಲ್ಲ. ಮಗಳನ್ನು ಕೇಳಿದೆ. ಅವಳು ಆಸ್ಪತ್ರೆಯಲ್ಲಿ ನರ್ಸು.

"ಅದೂ ಕೆಲಸಾನೇ ಅಮ್ಮ, ಪೇಪರ್‌ಗೆ ಬರೀತಾರೆ. ಕುಡಿಯೋಕೆ ಹೋಗಲ್ಲ, ಇಸ್ಪೀಟಿಗೆ ಹೋಗಲ್ಲ. ಕಣ್ಣೆದುರಿಗೇ ಇರ್ತಾರೆ, ಇರ್ಲಿ ಬಿಡು."

ಬರೆಯುತ್ತಿದ್ದುದು ಭಾನುವಾರದ ಪುರವಣಿಗೆ. ಯಾವ ಆಟವನ್ನು ಮಕ್ಕಳ ಕೈಗೆ ಕೊಡಬಹುದು, ಯಾವುದು ಬೇಡ ಎಂದು ಹೆತ್ತವರಿಗೆ ತಿಳಿಸುವ ಅಂಕಣ. ನಾನು ಅಕ್ಷರ ಕೂಡಿಸಿಕೊಂಡು ಓದುವವಳು. ಕಾಫಿ ಕುಡಿದು ಪೇಪರ್ ಹಿಡಿದರೆ ಅಡುಗೆಗೆ ಇಡುವ ಹೊತ್ತಿಗೆ ಮುಗಿಯುತ್ತಿತ್ತು.

ಅಳಿಯಂದಿರು ಮೊದಲು ತಾವೊಬ್ಬರೇ ಆಟವನ್ನು ಕೊನೆಯವರೆಗೆ ಆಡುವರು. ಆಮೇಲೆ ಮೊಮ್ಮಗಳನ್ನು ಕೂರಿಸಿ, ಅವಳ ಕೈಗೆ ಕಂಟ್ರೋಲರ್ ಕೊಟ್ಟು, ತಾವು ಟೀವಿಗೆ ಬೆನ್ನು ಮಾಡಿ ಅವಳ ಮುಖ ನೋಡುವರು. ಅವಳು ಹುಬ್ಬು ಗಂಟಿಕ್ಕಿದ್ದು, ನಾಲಿಗೆ ಕಚ್ಚಿದ್ದು, ಬೇಜಾರಾಗಿ ಫ್ಯಾನ್ ನೋಡಿದ್ದು ಎಲ್ಲವೂ ಅಂಕಣಕ್ಕೆ ಹೋಗುತ್ತಿತ್ತು. ಹೆಸರು ಹಾಕುತ್ತಿರಲಿಲ್ಲ, 'ನಮ್ಮನೆ ಜಡ್ಜಮ್ಮ' ಎಂದು ಬರೆಯುತ್ತಿದ್ದರು.

"ಅಪ್ಪ, ಇದು ಡಬ್ಬಾ ಆಟ ಅಂತ ಬರಿ," ಎನ್ನುತ್ತಿದ್ದಳು.

"ತೀರ್ಪಾಯ್ತಾ ಅಮ್ಮಾವ್ರೇ?" ಎಂದು ಅಳಿಯಂದಿರು ಕೈಮುಗಿಯುತ್ತಿದ್ದರು.

ಅವಳಿಗೆ ಹತ್ತು ತುಂಬಿದ ಮೇಲೆ ಒಂದು ಗುಹೆಯ ಆಟ ಬಂತು. ಅದನ್ನಾಡಿದ ದಿನ ಬಚ್ಚಲುಮನೆಗೆ ಒಬ್ಬಳೇ ಹೋಗಲು ಹೆದರಿದಳು, ನಾನು ಬಾಗಿಲಲ್ಲಿ ನಿಂತೆ. ಅಳಿಯಂದಿರು ಅದನ್ನೂ ಬರೆದರು. 'ಅಜ್ಜಿ ಬಾಗಿಲು ಕಾಯಬೇಕಾಯಿತು. ಈ ವಯಸ್ಸಿನವರಿಗೆ ಬೇಡ.' ಹೆತ್ತವರಿಗೆ ಬೇಕಾದ ಮಾತೇ ಅದು.

ಅದು ಅಚ್ಚಾದ ಮರುದಿನ ಮೊಮ್ಮಗಳು ಶಾಲೆಯಿಂದ ಬಂದವಳು ಶೂ ಬಿಚ್ಚಲಿಲ್ಲ. ಅಪ್ಪ ಬರುವವರೆಗೂ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕುಳಿತಿದ್ದಳು.

"ಕ್ಲಾಸಲ್ಲಿ ಎಲ್ರೂ ಕೇಳ್ತಾರೆ, ಜಡ್ಜಮ್ಮ, ಬಾತ್‌ರೂಮಿಗೆ ಅಜ್ಜಿ ಬಂದಿಲ್ವಾ ಅಂತ. ಇನ್ಮೇಲೆ ನನ್ನ ಬಗ್ಗೆ ಬರೀಬೇಡ."

"ನಿನ್ನ ಹೆಸರೇ ಹಾಕಿಲ್ವಲ್ಲ ಪುಟ್ಟಿ."

"ನಿನ್ನ ಹೆಸರಿದ್ಯಲ್ಲ."

ಅಳಿಯಂದಿರು ಚೀಲ ಕೆಳಗಿಟ್ಟರು. "ಆಯ್ತು, ಬರಿಯಲ್ಲ," ಎಂದರು.

ಕೊಟ್ಟ ಮಾತಿಗೆ ತಪ್ಪಲಿಲ್ಲ. ಆದರೆ ಅವಳು ಜೊತೆಗೆ ಕೂರುವುದನ್ನೇ ಬಿಟ್ಟಳು. ಕರೆದರೆ ಬರಲಿಲ್ಲ. "ಬರಿಯಲ್ಲ ಅಂದ್ನಲ್ಲ," ಎಂದರೆ, "ಬರಿಯಲ್ಲ, ಆದ್ರೆ ನೋಡ್ತೀಯ," ಎಂದಳು. ಅಂಕಣ ಏನಾದರೂ ಆಗಲಿ, ತಮ್ಮ ಮಗಳು ಪಕ್ಕಕ್ಕೆ ಬಂದು ಕೂರಲಿ ಎಂಬುದೊಂದೇ ಅವರಿಗಿದ್ದುದು. ಅದನ್ನು ಬಾಯಿಬಿಟ್ಟು ಹೇಳುವವರಲ್ಲ.

ಒಂದು ಸಂಜೆ ನನ್ನನ್ನು ಕೇಳಿದರು. "ಅತ್ತೆ, ನೀವಾದ್ರೂ ಸ್ವಲ್ಪ ಕೂತ್ಕೊಳ್ತೀರಾ?"

ಕೂತೆ. ಒತ್ತಿ ಎಂದಾಗ ಒತ್ತಿದೆ. ನನ್ನ ಗೊಂಬೆ ಸೇತುವೆಯಿಂದ ಬಿತ್ತು.

"ಬಿದ್ದಾಗ ಹೇಗನ್ನಿಸ್ತು ಅತ್ತೆ?"

"ಏನೂ ಅನ್ನಿಸ್ಲಿಲ್ಲ. ನಾನು ಸೋಫಾ ಮೇಲೇ ಇದ್ದೀನಲ್ಲ."

ಬೇರೆ ದಿನವಾಗಿದ್ದರೆ ನಗುತ್ತಿದ್ದರು. ಆ ಸಂಜೆ ಹೌದು ಎಂದು ತಲೆ ಆಡಿಸಿದರಷ್ಟೆ.

ಪುರವಣಿ ನೋಡಿಕೊಳ್ಳುವವರ ಫೋನ್ ಬಂದಾಗ ಅಳಿಯಂದಿರು ತಟ್ಟೆ ತೊಳೆಯುತ್ತಿದ್ದರು. ಒದ್ದೆ ಕೈಯೆಂದು ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಏನ್ ಸಾರ್, ಆಟದ ಡಬ್ಬಿ ಮೇಲೆ ಬರೆದಿರೋದನ್ನೇ ಇಳಿಸಿ ಕಳಿಸ್ತಿದೀರಿ. ಜಡ್ಜಮ್ಮ ಎಲ್ಲಿ ಅಂತ ಓದೋರು ಕೇಳ್ತಿದಾರೆ."

"ಅವಳು ಆಡ್ತಿಲ್ಲ."

"ನೀವೇ ಒಂದೆರಡು ಮಾತು ಸೇರಿಸಿ. ಯಾರಿಗ್ ಗೊತ್ತಾಗುತ್ತೆ?"

"ಅವಳಿಗೆ ಗೊತ್ತಾಗುತ್ತೆ," ಎಂದರು ಅಳಿಯಂದಿರು. "ನನ್ನ ಕೈಲಾಗಲ್ಲ. ಬೇರೆಯವ್ರನ್ನ ನೋಡ್ಕೊಳ್ಳಿ."

ಅಲ್ಲಿಗೆ ಅಂಕಣ ನಿಂತಿತು. ಉಳಿದ ತಟ್ಟೆಗಳನ್ನು ತೊಳೆದು ಒರೆಸಿಟ್ಟರು.

ಮೊಮ್ಮಗಳಿಗೆ ಅವಳಮ್ಮ ವಿಷಯ ತಿಳಿಸಿದಳು. ಒಂದಷ್ಟು ದಿನ ಕಳೆದ ಮೇಲೆ ಹುಡುಗಿ ತಾನೇ ಎರಡೂ ಕಂಟ್ರೋಲರ್ ತಂದು ಒಂದನ್ನು ಅಪ್ಪನ ತೊಡೆಯ ಮೇಲಿಟ್ಟಳು.

"ಬಾ, ಆಡೋಣ. ಈಗ ಬರಿಯೋ ಹಾಗಿಲ್ವಲ್ಲ."

ನಾನು ಬಟ್ಟೆ ಮಡಿಸುತ್ತಿದ್ದೆ. ಇನ್ನು ಎಲ್ಲ ಮೊದಲಿನಂತಾಯಿತು ಎಂದುಕೊಂಡೆ. ಅಳಿಯಂದಿರು ಸರಿಯಾಗಿಯೇ ಆಡಿದರು. ಅವಳು ಹಾರೆಂದಾಗ ಹಾರಿದರು, ನಿಲ್ಲೆಂದಾಗ ನಿಂತರು. ಮೊದಲಿನಂತೆ ಅವಳ ಮುಖದ ಕಡೆ ತಿರುಗಲಿಲ್ಲ, ಟೀವಿ ನೋಡುತ್ತಿದ್ದ ಅವರ ಮುಖ ಬಸ್ಸಿಗೆ ಕಾಯುವವರ ಹಾಗಿತ್ತು.

"ಚೆನ್ನಾಗಿದ್ಯಾ ಅಪ್ಪ?"

"ಗೊತ್ತಾಗ್ತಿಲ್ಲ ಪುಟ್ಟಿ."

"ನನ್ಮೇಲೆ ಕೋಪಾನಾ?"

"ಇಲ್ಲಮ್ಮ, ಕೋಪ ಯಾಕೆ. ಆಡು."

ಕೋಪವಿರಲಿಲ್ಲ, ಅದು ನನಗೂ ಗೊತ್ತು. ಅವಳು ಸ್ವಲ್ಪ ಹೊತ್ತು ಆಡಿ, ಹೋಮ್‌ವರ್ಕ್ ಇದೆ ಎಂದು ಎದ್ದಳು.

"ಇಬ್ರೂ ಸರಿಹೋದ್ರಾ ಅಮ್ಮ?" ಎಂದು ಕೆಲಸದಿಂದ ಬಂದ ಮಗಳು ಕೇಳಿದಳು.

"ಜೊತೆಗೆ ಕೂತಿದ್ರು," ಎಂದೆ.

ಅಳಿಯಂದಿರು ಈಗಲೂ ಅವಳ ಜೊತೆ ಕೂರುತ್ತಾರೆ. ಅವಳು ಕರೆದರೆ ಬರುತ್ತಾರೆ, ಸಾಕೆಂದರೆ ಏಳುತ್ತಾರೆ. ತಾವಾಗಿಯೇ ಆಟ ಹಾಕಿಕೊಂಡದ್ದನ್ನು ನಾನು ಮತ್ತೆ ನೋಡಿಲ್ಲ.