ಮೂರನೇ ತಿರುವು ಎಡಕ್ಕೆ

ನಮ್ಮ ಪಕ್ಕದ ಮನೆಯಾಕೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತರು. ಆ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಬಸ್ಸು ಹತ್ತಲಿಲ್ಲ. ನಾನು ಅದೇ ನಿಲ್ದಾಣದ ಪಾರ್ಸೆಲ್ ಕೌಂಟರಿನಲ್ಲಿದ್ದವನು, ಸುಳ್ಳು ಹೇಳುತ್ತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಗಾಜಿನ ಕಿಂಡಿಯೊಳಗಿಂದ "ಮುಂದಿನವ್ರು! ಮುಂದಿನವ್ರು!" ಎಂದು ಕೂಗಿ ಕೂಗಿ ಆಕೆಗೆ ಮುಂದಿನವರು ಎಂಬ ಹೆಸರೇ ನಿಂತುಬಿಟ್ಟಿತ್ತು. ಯಾವ ಊರು ಎಷ್ಟು ದೂರ, ಎಲ್ಲಿ ಬಸ್ಸು ಬದಲಾಯಿಸಬೇಕು, ಯಾವ ನಿಲ್ದಾಣದಲ್ಲಿ ಕುಡಿಯಲು ನೀರು ಸಿಗುವುದಿಲ್ಲ, ಎಲ್ಲವೂ ಬಾಯಿಪಾಠ. ಆದರೆ ನಿಂತ ಬಸ್ಸಿನೊಳಗೆ ಕಾಲಿಟ್ಟರೂ ಸಾಕು, ಹೊಟ್ಟೆ ತೊಳಸಿ ವಾಂತಿ. ಮಾತ್ರೆ ನುಂಗಿದರೂ ಅಷ್ಟೇ, ನಿಂಬೆಹಣ್ಣು ಮೂಸಿದರೂ ಅಷ್ಟೇ. ರೈಲು, ಕಾರು, ಯಾವುದೂ ಆಗಿಬರಲಿಲ್ಲ.

ನಗುವವರು ನಗಲಿ, ನಾನೂ ನಕ್ಕವನೇ. ಆದರೆ ಆಕೆಯ ಮದುವೆಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿದ್ದದ್ದು ಇದಕ್ಕೇ. "ಗಂಡನ ಮನೆಗೆ ಏನು ನಡ್ಕೊಂಡು ಬರ್ತಾಳಾ?" ಎಂದರಂತೆ ಹುಡುಗನ ತಾಯಿ. ಕೆಲಸಕ್ಕೆ ಸೇರುವ ಮೊದಲು ತಂಗಿಯ ಮದುವೆಗೆಂದು ಹೊರಟು, ನಾಲ್ಕೇ ಕಿಲೋಮೀಟರಿಗೆ ಬಸ್ಸು ನಿಲ್ಲಿಸಿ ಇಳಿದು, ಕೊಳೆಯಾದ ಹೊಸ ಬಟ್ಟೆಯಲ್ಲೇ ನಡೆದು ವಾಪಸು ಬಂದಿದ್ದರು. ಅಲ್ಲಿಂದ ತಂಗಿ ಮಾತು ಬಿಟ್ಟಳು. ತಂದೆ ತಾಯಿ ಹೋದ ಮೇಲೆ ಆ ಎರಡು ಕೋಣೆಯ ಮನೆಯಲ್ಲಿ ಆಕೆ ಒಬ್ಬರೇ.

ನಮ್ಮ ಹಳೇ ಗೋದಾಮುಗಳ ಬೀದಿಯಲ್ಲಿ ಯಾರ್‍ಯಾರೋ ಗೋಡೆಗಳ ಮೇಲೆ ಚಿತ್ರ ಬರೆಯಲು ಶುರುಮಾಡಿದ್ದು ಆಕೆ ನಿವೃತ್ತರಾಗುವ ಹೊತ್ತಿಗೆ. ನನಗೇನೋ ಅದು ಬಣ್ಣಕ್ಕೆ ದಂಡ ಅನಿಸಿತ್ತು. ಆದರೆ ನೋಡಲು ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ಪರ ಊರಿನವರಿಗೆ ಸುಮ್ಮನೆ ತಂಗಲು ಕೋಣೆ ಕೊಡುವವರ ಪಟ್ಟಿಯೊಂದು ಫೋನಿನಲ್ಲಿ ಇದೆಯಂತೆ, ಆಕೆ ಅದರಲ್ಲಿ ಹೆಸರು ಬರೆಸಿಬಿಟ್ಟರು.

"ಅಲ್ಲಾ, ಗುರುತಿಲ್ಲ ಪರಿಚಯ ಇಲ್ಲ, ಮನೆ ಒಳಗೆ ಬಿಟ್ಕೋತೀರಲ್ಲ, ಬುದ್ಧಿ ಇದೆಯಾ ನಿಮಗೆ?" ಎಂದು ಕೇಳಿದೆ.

"ಊರುಗಳಿಗೆ ನಾನು ಹೋಗೋಕಾಗಲ್ಲ ಪಾರ್ಸೆಲಣ್ಣ. ಊರುಗಳೇ ಬರ್ಲಿ ಬಿಡಿ" ಎಂದರು.

ಬಂದವರನ್ನು ಆಕೆ ಗೋಡೆ ತೋರಿಸಲು ಕರೆದುಕೊಂಡು ಹೋಗುತ್ತಿದ್ದರು, ಎಲ್ಲವೂ ಕಾಲ್ನಡಿಗೆ. ಮುಚ್ಚಿದ ಟೆಲಿಫೋನ್ ಕಚೇರಿಯ ಮೇಲೆ ಎರಡು ಮಹಡಿ ಎತ್ತರದ ಒಂದು ಕಿವಿ. ಮಳೆನೀರಿನ ನಿಜವಾದ ಕೊಳವೆಯನ್ನು ಅಪ್ಪಿಕೊಂಡು ಹತ್ತುತ್ತಿರುವ ಹುಡುಗಿ. ಆಲೂಗಡ್ಡೆ ಇಡುವ ಶೀತಲಗೃಹದ ಉದ್ದ ಗೋಡೆಗೆ ಮಲಗಿದ ಮನುಷ್ಯ, ತಲೆಯಿಂದ ಹಿಮ್ಮಡಿಗೆ ನಲವತ್ತೆರಡು ಹೆಜ್ಜೆ. ಆಕೆ ಎಲ್ಲವನ್ನೂ ಹೆಜ್ಜೆಯಲ್ಲೇ ಅಳೆಯುವವರು. ಪಾಪ, ಆ ಪ್ರವಾಸಿಗಳು ಸಂಜೆ ಕಾಲಿಗೆ ಬೊಬ್ಬೆ ಎದ್ದು ಕುಂಟುತ್ತಾ ಬರುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಇಷ್ಟಕ್ಕೆಲ್ಲ ಆಕೆ ಕೇಳುತ್ತಿದ್ದದ್ದು ಒಂದೇ. ಹೊರಡುವ ದಿನ ಊಟದ ಮೇಜಿಗೆ ಕೂರಿಸಿ, "ನಿಮ್ಮ ಮನೆಯಿಂದ ಹತ್ತಿರದ ಅಂಗಡಿಗೆ ಹೇಗೆ ಹೋಗ್ತೀರಿ? ಒಂದೂ ಬಿಡದೆ ಹೇಳಿ" ಎನ್ನುವರು. ಎಷ್ಟು ಮೆಟ್ಟಿಲು, ಎಲ್ಲಿ ತಿರುವು, ಯಾವ ಬಾಗಿಲಿಗೆ ಯಾವ ಬಣ್ಣ, ಯಾವ ಮನೆಯ ನಾಯಿ ಬೊಗಳುತ್ತದೆ. ಎಷ್ಟೋ ಜನರ ಮಾತು ಆಕೆಗೆ ತಿಳಿಯುತ್ತಿರಲಿಲ್ಲ, ಆದರೆ ಎಡ, ಬಲ, ನೇರ ಎನ್ನಲು ಕೈ ಸಾಕಲ್ಲ. ಯಾವುದನ್ನೂ ಬರೆದಿಡಲಿಲ್ಲ. ಸಂಜೆಯಾದರೆ ತಾರಸಿ ಹತ್ತಿ ಒಂದೊಂದು ದಿನ ಒಂದೊಂದು ದಾರಿ ನಡೆಯುತ್ತಿದ್ದರು.

ಹೆಂಡತಿ ತೀರಿಕೊಂಡ ಮೇಲೆ ಬಟ್ಟೆ ಒಣಹಾಕುವ ಕೆಲಸ ನನ್ನ ತಲೆಗೆ ಬಿದ್ದಿತ್ತು, ಹಾಗಾಗಿ ಆ ಹೊತ್ತಿಗೆ ನಾನೂ ನಮ್ಮ ತಾರಸಿಯಲ್ಲಿರುತ್ತಿದ್ದೆ. ಎರಡು ಮನೆಯ ತಾರಸಿಗಳ ನಡುವೆ ಮೊಣಕಾಲೆತ್ತರದ ಮೋಟುಗೋಡೆ. ಮೊದಲ ಸಲ ನೋಡಿದಾಗ ಈ ಹೆಂಗಸಿಗೆ ತಲೆ ಕೆಟ್ಟಿತು ಅಂದುಕೊಂಡೆ. ಇಪ್ಪತ್ತು ಹೆಜ್ಜೆ ನಡೆದು ನಿಲ್ಲುವುದು, ತಿರುಗುವುದು, ಯಾರೂ ಇಲ್ಲದ ಕಡೆಗೆ ತಲೆಯಾಡಿಸುವುದು. ಆಮೇಲಾಮೇಲೆ "ಇವತ್ತು ಎಲ್ಲಿಗೆ ಸವಾರಿ?" ಎಂದು ಕೆಣಕುತ್ತಿದ್ದೆ. "ಬೇಕರಿಗೆ. ಎರಡೇ ತಿರುವು, ಬಂದ್ಬಿಡ್ತೀನಿ" ಎನ್ನುವರು. ದಾರಿ ಎಡಕ್ಕೆ ಹೊರಳಿದರೆ ಮೋಟುಗೋಡೆ ದಾಟಿ ಸೀದಾ ನನ್ನ ತಾರಸಿಗೆ ಬಂದು, ನನ್ನ ಒದ್ದೆ ಅಂಗಿಗಳ ನಡುವೆ ನುಸುಳಿ ಹೋಗುವರು.

"ಇದು ನಮ್ಮ ತಾರಸೀನೋ, ನಿಮ್ಮಪ್ಪನ ರಸ್ತೇನೋ?" ಎಂದು ರೇಗುತ್ತಿದ್ದೆ. ನಗುತ್ತಿದ್ದರು.

ಆರು ವರ್ಷದ ಹಿಂದೆ ಆಕೆಯ ಮನೆಗೆ ಬಂದಿದ್ದ ಇಬ್ಬರು ಫೋಟೊ ತೆಗೆಯುವ ಭರದಲ್ಲಿ ಗೋಡೆ ದಾಟಿ ಬಂದು, ನನ್ನ ಹೆಂಡತಿ ನೆಟ್ಟಿದ್ದ ಹೂವಿನ ಕುಂಡ ಒಡೆದರು. ಅವಳ ಕೈಯಿಂದ ಉಳಿದಿದ್ದದ್ದು ಅದೊಂದೇ. ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನವೇ ಗಾರೆ ಕೆಲಸದವನನ್ನು ಕರೆಸಿ ಆ ಗೋಡೆಯನ್ನು ಆಳೆತ್ತರ ಏರಿಸಿದೆ. ಗೋಡೆಯಾಚೆ ಹೆಜ್ಜೆ ಸಪ್ಪಳ ಮಾತ್ರ ಕೇಳುತ್ತಿತ್ತು. ಎಲ್ಲಿಗೆ ಸವಾರಿ ಎಂದು ನಾನೂ ಕೇಳುವುದನ್ನು ಬಿಟ್ಟೆ.

ಎಂಬತ್ತಮೂರು ಜನ ಬಂದು ಹೋದರು. ತಲುಪಿದೆವು ಎಂದು ಒಂದು ಸಾಲು ಕಳಿಸುವರು, ಮುಗಿಯಿತು. ಒಬ್ಬರೂ ಮತ್ತೆ ಬಂದವರಿಲ್ಲ. ಕೋಣೆಯ ಹಾಸಿಗೆ ಮಡಿಸಿ, ಎರಡನೇ ತಟ್ಟೆ ತೊಳೆದು ಮೇಲಿಟ್ಟು, ಆಕೆ ಮತ್ತೆ ಒಬ್ಬರೇ ತಾರಸಿ ಹತ್ತುತ್ತಿದ್ದರು.

ಈ ವರ್ಷ ಬಂದ ಹುಡುಗಿ ಮಾತ್ರ ಬೇರೆ. ಗೋಡೆಗೆ ಚಿತ್ರ ಬರೆಯುವುದೇ ಅವಳ ಕಸುಬು. ನೂಲಿನ ಗಿರಣಿಯವರು ತಮ್ಮ ಕಾಂಪೌಂಡ್ ಗೋಡೆ ಕೊಟ್ಟಿದ್ದರು. ಆದರೆ ಅವಳು ಬಂದದ್ದು ಗೋಡೆಗಲ್ಲ.

"ಏಳು ವರ್ಷದ ಹಿಂದೆ ನಮ್ಮಪ್ಪ ನಿಮ್ಮನೇಲಿ ಉಳ್ಕೊಂಡಿದ್ರು ಅಮ್ಮಾ. ಕೆಮ್ಮು ಜಾಸ್ತಿ ಇತ್ತು ಅವರಿಗೆ. ಅವರ ದಾರಿ ನಿಮ್ಮ ಹತ್ರ ಇದೆಯಾ?"

ಅವರ ಊರು ಈಗಿಲ್ಲ. ಗಣಿಯವರು ಅಗೆದೂ ಅಗೆದೂ ಬೀದಿಗಳನ್ನೇ ತೆಗೆದುಹಾಕಿ, ಊರಿದ್ದ ಕಡೆ ದೊಡ್ಡ ಗುಂಡಿ ಉಳಿದಿದೆ. ಊರು ಬಿಟ್ಟಾಗ ಹುಡುಗಿಗೆ ಮೂರು ವರ್ಷ. ಅಪ್ಪ ಮುಂದಿನವರಿಗೆ ಹೇಳಿದ್ದು ಆ ಹಳೇ ಊರಿನ ದಾರಿಯನ್ನೇ, ಈಗ ಅವರೂ ತೀರಿಹೋಗಿದ್ದರು. ಹೋಗುವ ಮುಂಚೆ ಒಂದು ಮಾತು ಹೇಳಿದ್ದರಂತೆ, ನಮ್ಮ ಬೀದಿ ಒಬ್ಬ ಹೆಂಗಸಿನ ಹತ್ತಿರ ಇದೆ ಎಂದು.

ಮುಂದಿನವರ ಮುಖ ಅವತ್ತು ನೋಡಬೇಕಿತ್ತು. ಕಣ್ಣು ಮುಚ್ಚಿ ಹೇಳತೊಡಗಿದರು. ಹದಿನಾಲ್ಕು ಮೆಟ್ಟಿಲು ಇಳಿದು ಬಲಕ್ಕೆ ತಿರುಗಿದರೆ ಹಸಿರು ಬಾಗಿಲಿನ ದರ್ಜಿ. ನೇರ ಹೋದರೆ ಕೈಪಂಪು, ಅದರ ಹಿಡಿಗೆ ಸದಾ ಬಟ್ಟೆ ಸುತ್ತಿರುತ್ತದೆ. ಅಲ್ಲಿ ಮತ್ತೆ ಬಲಕ್ಕೆ, ಕಿಟಕಿಯಲ್ಲಿ ಕೂತ ಮುದುಕಿ, ಮಾತಾಡಿಸದೆ ಹೋದರೆ ಬೈಯುತ್ತಾಳೆ. ಮೂರನೇ ತಿರುವು ಬಲಕ್ಕೆ, ಒಂಬತ್ತು ಹೆಜ್ಜೆಗೆ ಕ್ಷೌರದಂಗಡಿ, ಅದಕ್ಕಂಟಿಕೊಂಡೇ ದಿನಸಿ ಅಂಗಡಿ. ಹುಡುಗಿ ಅಳುತ್ತಾ ಬರೆದುಕೊಂಡಳು.

ಹದಿನೆಂಟು ದಿನ ಏಣಿ ಹತ್ತಿ ಅವಳು ಆ ಬೀದಿಯನ್ನು ಗೋಡೆಗೆ ಇಳಿಸಿದಳು. ಮುಂದಿನವರು ಬುತ್ತಿ ಕಟ್ಟಿಕೊಂಡು ಹೋಗಿ ಎದುರಿಗೆ ಕೂತಿರುತ್ತಿದ್ದರು. ಅಷ್ಟು ಸಂತೋಷವಾಗಿ ಆಕೆಯನ್ನು ನಾನು ಯಾವತ್ತೂ ನೋಡಿರಲಿಲ್ಲ.

ಹೊರಡುವ ಹಿಂದಿನ ದಿನ ಹುಡುಗಿ ಮೇಜಿಗೆ ಕೂತು, ಅಪ್ಪ ಕೂತಿದ್ದ ಅದೇ ಕುರ್ಚಿಯಲ್ಲಿ, ಇಡೀ ದಾರಿಯನ್ನು ತಾನೇ ಒಪ್ಪಿಸಿದಳಂತೆ. ಅಪ್ಪನ ಹಾಗೆಯೇ ಕೈಯಾಡಿಸುವುದು ಅವಳ ಅಭ್ಯಾಸ. ಮೂರನೇ ತಿರುವಿಗೆ ಅವಳ ಕೈ ಬಲಕ್ಕೆ, ಖಾಲಿ ಗಾಳಿಗೆ ಹೋಯಿತು. ಮುಂದಿನವರು ಎದ್ದು ಕಿಟಕಿಯ ಕಡೆ ನೋಡಿದರು. ಏಳು ವರ್ಷದ ಹಿಂದೆ ಆ ತಿರುವಿಗೆ ಅವಳಪ್ಪನ ಬೆರಳ ಗೆಣ್ಣು ಕಿಟಕಿಯ ಕದಕ್ಕೆ ಟಕ್ಕೆಂದು ಬಡಿದಿತ್ತು. ನೋವಾಯಿತಾ ಎಂದು ಕೇಳಿದ್ದೂ ನೆನಪಾಯಿತು. ಆ ಕುರ್ಚಿಯಲ್ಲಿ ಕೂತವರಿಗೆ ಕಿಟಕಿ ಇರುವುದು ಎಡಕ್ಕೆ.

ನಾನು ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆಯಿಂದ ದನಿ ಬಂತು. "ಪಾರ್ಸೆಲಣ್ಣ, ಈ ಗೋಡೆ ಎತ್ತರ ಮಾಡಿಸಿ ಎಷ್ಟು ವರ್ಷ ಆಯ್ತು?"

"ಆರು. ಯಾಕೆ, ಈಗ ಅದರ ವಿಚಾರ?" ಎಂದು ಮೈಮೇಲೆ ಹೋದೆ.

"ಎಡಕ್ಕೆ ಅಂದಿದ್ರು ಅವರು. ಒಂದು ವರ್ಷ ಸರಿಯಾಗೇ ನಡೆದಿದ್ದೆ. ಆಮೇಲೆ ಎಡಕ್ಕೆ ಜಾಗ ಇರ್ಲಿಲ್ಲ, ಬಲಕ್ಕೆ ತಿರುಗ್ತಾ ಬಂದೆ. ಕಾಲು ಹೇಳಿದ್ದನ್ನೇ ತಲೆ ನಂಬಿಬಿಡ್ತು ನೋಡಿ."

ನಾನು ತೆಗೆದ ಅಂಗಿಯನ್ನೇ ಮತ್ತೆ ತಂತಿಗೆ ಹಾಕಿದೆ. ಕೊನೆಗೆ, "ಸುಮ್ನಿರಿ. ಊರೇ ಇಲ್ಲ, ಯಾರು ಹೋಗಿ ನೋಡ್ತಾರೆ? ಹುಡುಗಿ ಖುಷಿಯಾಗಿದ್ದಾಳೆ, ಹಾಗೇ ಹೋಗ್ಲಿ" ಎಂದೆ.

"ಇದೊಂದೇ ಅಲ್ಲಣ್ಣ. ಅಲ್ಲಿಂದೀಚೆಗೆ ನಡೆದ ದಾರಿಗಳೆಲ್ಲ ಹೀಗೇ ಸೊಟ್ಟ ಆಗಿರ್ಬೇಕು. ಹಂಗಾದ್ರೆ ನಾನು ಎಲ್ಲಿಗೂ ಹೋಗೇ ಇಲ್ಲ."

ಮಾರನೆಯ ಬೆಳಿಗ್ಗೆ ಆಕೆ ಗಿರಣಿಗೆ ಹೊರಟಾಗ ನಾನೂ ಹಿಂದೆ ಹೋದೆ. ಹುಡುಗಿ ಬಣ್ಣದ ಡಬ್ಬಿಗಳನ್ನು ತೊಳೆಯುತ್ತಿದ್ದಳು. "ನಿನಗೆ ತಪ್ಪು ದಾರಿ ಕೊಟ್ಟೆ ಮಗಳೇ. ಮೂರನೇ ತಿರುವು ಎಡಕ್ಕೆ" ಎಂದು ಮುಂದಿನವರು ನಿಂತಲ್ಲೇ, ಗೋಡೆ ಎದ್ದ ಮೇಲೆ ಆರು ವರ್ಷ ತಾರಸಿಯಲ್ಲಿ ಬಲಕ್ಕೆ ನಡೆದದ್ದನ್ನೂ ಸೇರಿಸಿ, ಹೇಳಿಬಿಟ್ಟರು. ಹುಡುಗಿಯ ಮುಖ ಸಣ್ಣದಾಯಿತು. ಗೋಡೆಯನ್ನೇ ನೋಡುತ್ತಾ ನಿಂತಳು. ಆಮೇಲೆ ಡಬ್ಬಿ ತೆರೆದು ಮತ್ತೆ ಏಣಿ ಹತ್ತಿದಳು. ಸಂಜೆಯ ಹೊತ್ತಿಗೆ ಎಡಕ್ಕೊಂದು ಓಣಿ ತೆರೆದಿತ್ತು, ಕ್ಷೌರದಂಗಡಿಯೂ ದಿನಸಿ ಅಂಗಡಿಯೂ ಅಲ್ಲಿಗೆ ಹೋಗಿದ್ದವು. ಬಲದ ಓಣಿಯನ್ನು ಮಾತ್ರ ಅಳಿಸಲಿಲ್ಲ.

"ಅದನ್ಯಾಕೆ ಬಿಟ್ಟೆ?" ಎಂದು ಕೇಳಿದರು ಮುಂದಿನವರು.

"ಆರು ವರ್ಷ ಅದರಲ್ಲಿ ನೀವು ನಡೆದಿದ್ದೀರಲ್ಲ ಅಮ್ಮಾ."

ಒಳ್ಳೆಯ ಹುಡುಗಿ, ಮನಸ್ಸಿನಿಂದಲೇ ಹೇಳಿದಳು. ಆದರೆ ಆಕೆಗೆ ಅದು ಸಮಾಧಾನ ಆಗಲಿಲ್ಲ. ಅಂಗಡಿಯಿಲ್ಲ, ಜನರಿಲ್ಲ, ಎಲ್ಲೂ ತಲುಪದ ಖಾಲಿ ಓಣಿ. ಅದರ ಮುಂದೆ ಬಹಳ ಹೊತ್ತು ನಿಂತಿದ್ದು ಮನೆಗೆ ಬಂದರು. ಹುಡುಗಿ ಹೋದಳು. ತಲುಪಿದೆ ಎಂದು ಒಂದು ಸಾಲು ಬಂತು.

ಅದಾದ ಮೇಲೆ ಮುಂದಿನವರು ತಾರಸಿ ಹತ್ತಲಿಲ್ಲ. ಪಟ್ಟಿಯಿಂದ ಹೆಸರನ್ನೂ ತೆಗೆಸಿದರು. ಒಂದು ವಾರ, ಎರಡು ವಾರ, ಒಂದು ತಿಂಗಳು. ಸಂಜೆ ನಾನು ಬಟ್ಟೆ ತೆಗೆಯಲು ಹೋದರೆ ಗೋಡೆಯಾಚೆ ಸದ್ದೇ ಇಲ್ಲ. ಆರು ವರ್ಷ ಆ ಹೆಜ್ಜೆ ಸಪ್ಪಳ ಕೇಳಲೆಂದೇ ನಾನು ಬಟ್ಟೆ ಒಂದೊಂದಾಗಿ ತೆಗೆಯುತ್ತಿದ್ದೆ ಎಂಬುದು ನನಗೆ ಆಗ ಗೊತ್ತಾಯಿತು. ನಾಚಿಕೆಯಾಯಿತು. ಒಂದು ಕುಂಡಕ್ಕೋಸ್ಕರ ಆ ಹೆಂಗಸಿನ ಇಡೀ ಪ್ರಪಂಚದ ಎಡಗಡೆಯನ್ನೇ ಮುಚ್ಚಿಸಿದ್ದೆ.

ಒಂದು ದಿನ ಸಂಜೆ ಉಳಿ ಸುತ್ತಿಗೆ ಹಿಡಿದು ಮೇಲೆ ಹೋದೆ. ಈ ವಯಸ್ಸಿಗೆ ಇಟ್ಟಿಗೆ ಒಡೆಯುವುದೇನು ಹುಡುಗಾಟವೇ? ನಾಲ್ಕು ಇಟ್ಟಿಗೆ ಬೀಳುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಸದ್ದಿಗೆ ಮುಂದಿನವರು ಓಡಿ ಮೇಲೆ ಬಂದರು.

"ಅಯ್ಯೋ, ಏನ್ ಮಾಡ್ತಿದೀರಿ?"

"ಕಾಣಿಸ್ತಿಲ್ವಾ? ಮಾತಾಡಿಸ್ಬೇಡಿ, ಉಸಿರು ಸಾಲ್ತಿಲ್ಲ."

ಮೂರು ಸಂಜೆ ಹಿಡಿಯಿತು. ಮೂರನೇ ದಿನ ಗೋಡೆಯ ನಡುವೆ ಒಬ್ಬರು ದಾಟುವಷ್ಟು ಅಗಲಕ್ಕೆ ಮೊದಲಿನ ಮೋಟುಗೋಡೆ ಮಾತ್ರ ಉಳಿಯಿತು. ಆಕೆ ಅಷ್ಟು ದಿನವೂ ಮೆಟ್ಟಿಲ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ನಾನು ಧೂಳು ಕೊಡವಿಕೊಂಡು, ಆರು ವರ್ಷದಿಂದ ಕೇಳದೆ ಬಿಟ್ಟಿದ್ದ ಮಾತನ್ನು ಕೇಳಿದೆ. "ಇವತ್ತು ಎಲ್ಲಿಗೆ ಸವಾರಿ?"

ಆಕೆ ಕಣ್ಣು ಒರೆಸಿಕೊಂಡು ತಾರಸಿಯ ಆ ತುದಿಗೆ ಹೋದರು. ಹದಿನಾಲ್ಕು ಮೆಟ್ಟಿಲು ಇಳಿದರು. ಬಲಕ್ಕೆ ತಿರುಗಿ ದರ್ಜಿಯನ್ನು ದಾಟಿದರು. ಕೈಪಂಪಿನ ಹತ್ತಿರ ಮತ್ತೆ ಬಲಕ್ಕೆ ತಿರುಗಿ, ಕಿಟಕಿಯ ಮುದುಕಿಗೆ ತಲೆಯಾಡಿಸಿದರು. ಗೋಡೆಯ ಬುಡಕ್ಕೆ ಬಂದವರು ಒಂದು ಗಳಿಗೆ ತಡೆದು, ಎಡಕ್ಕೆ ತಿರುಗಿದರು. ಮೋಟುಗೋಡೆ ದಾಟಿ ನನ್ನ ತಾರಸಿಗೆ ಬಂದರು. ನಾನು ಒದ್ದೆ ಅಂಗಿಯನ್ನು ತಂತಿಯ ಒಂದು ಬದಿಗೆ ಸರಿಸಿದೆ. ಒಂಬತ್ತು ಹೆಜ್ಜೆ ನಡೆದು, ಕ್ಷೌರದಂಗಡಿ ದಾಟಿ ನಿಂತರು.

"ಅಂಗಡಿ ತೆಗೆದಿದೆಯಾ?" ಎಂದು ಕೇಳಿದೆ.

"ಇಲ್ಲ ಅಣ್ಣ, ಇವತ್ತು ಮುಚ್ಚಿದೆ" ಎಂದರು. "ನಾಳೆ ಬಂದು ನೋಡ್ತೀನಿ."